ಎಲ್ಲ ಲೇಯರ್ ಒಂದೇ ಸ್ಕ್ರಿಪ್ಟ್‌ನಲ್ಲಿ ಕಾಪಿ ಮಾಡಿದೆ, ನಮ್ಮ ಬಾವಡಿಗಳು ಮಾಲ್ಡೀವ್ಸ್ ಸಮುದ್ರಕ್ಕೆ ಬಿದ್ದಿವೆ

ಬಾವಡಿ ಹುಡುಕುವವ, ವಿಜಯಪುರ

ನಮಸ್ಕಾರ ಎಲ್ಲರಿಗೂ. ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ.

ನಾವು ನಾಲ್ಕು ಜನ ಗೆಳೆಯರು ಸೇರಿ ವಿಜಯಪುರ ಸುತ್ತಮುತ್ತಲಿನ ಹಳೇ ಬಾವಡಿ (ಮೆಟ್ಟಿಲು ಇರುವ ಬಾವಿ), ತೆರೆದ ಬಾವಿ, ಕೃಷಿ ಹೊಂಡ ಇವನ್ನೆಲ್ಲ ಒಂದು ನಕ್ಷೆಗೆ ತರುತ್ತಿದ್ದೇವೆ. ಯಾರೂ ದುಡ್ಡು ಕೊಟ್ಟಿಲ್ಲ, ಸುಮ್ನೆ ಹುಚ್ಚು. ತಾಜ್ ಬಾವಡಿ, ಚಾಂದ್ ಬಾವಡಿ ಎಲ್ಲರಿಗೂ ಗೊತ್ತು. ಆದರೆ ಓಣಿ ಒಳಗೆ ಕಸ ತುಂಬಿಕೊಂಡು ಬಿದ್ದಿರುವ ಸಣ್ಣ ಬಾವಡಿಗಳ ಲೆಕ್ಕ ಯಾರು ಇಡುತ್ತಾರೆ?

ಡೇಟಾ ನಾಲ್ಕೈದು ಕಡೆಯಿಂದ ಬಂದಿದೆ. ಒಂದಿಷ್ಟು ನಾವೇ ಮೊಬೈಲ್ ಜಿಪಿಎಸ್‌ನಲ್ಲಿ ತೆಗೆದದ್ದು. ಒಂದಿಷ್ಟು ಒಬ್ಬ ಗುತ್ತಿಗೆದಾರರ ಹತ್ತಿರ ಸಿಕ್ಕ ಸರ್ವೆ. ಇನ್ನೊಂದು ಗೆಳೆಯ ಕಾಲೇಜಿನಲ್ಲಿದ್ದಾಗ ಹಳೇ ಟೋಪೋಶೀಟ್ (ಸರ್ವೆ ಆಫ್ ಇಂಡಿಯಾದ ಕಾಗದದ ನಕ್ಷೆ) ಮೇಲೆ ಚುಕ್ಕಿ ಇಟ್ಟು ಮಾಡಿದ್ದು. ಕೃಷಿ ಹೊಂಡಗಳನ್ನು ಸ್ಯಾಟಲೈಟ್ ಚಿತ್ರ ನೋಡಿ ಗೆರೆ ಎಳೆದಿದ್ದೇವೆ. ಕೊನೆಗೆ ಇಬ್ಬರು ಹುಡುಗರು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬಂದು ಎಕ್ಸೆಲ್‌ಗೆ ಹಾಕಿದ ಪಟ್ಟಿ. ಒಟ್ಟು ಹನ್ನೊಂದು ಫೋಲ್ಡರ್.

ಒಂದೊಂದಾಗಿ ಕೈಯಲ್ಲಿ ಕಾಪಿ ಮಾಡುವುದು ಬೇಡ ಅಂತ ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ. ಅದು ಪ್ರತಿ ಫೋಲ್ಡರ್ ಒಳಗೆ ಹೋಗಿ ಶೇಪ್‌ಫೈಲ್ (ನಕ್ಷೆಯ ಡೇಟಾ ಇಡುವ ಫೈಲ್) ಎತ್ತಿಕೊಂಡು "ಒಟ್ಟು" ಅನ್ನುವ ಫೋಲ್ಡರ್‌ಗೆ ಹಾಕುತ್ತದೆ. ಆಮೇಲೆ ಜಿಯೊಪಾಂಡಾಸ್ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಓದಿ, ಎಲ್ಲವನ್ನೂ ಜೋಡಿಸಿ, ಒಂದೇ ಜಿಯೊಪ್ಯಾಕೇಜ್ ಫೈಲ್ ಮಾಡುತ್ತದೆ. ಓದುವಾಗ ಸಿಆರ್‌ಎಸ್ (ಅಂಕಿಗಳು ಯಾವ ಅಳತೆ ಪದ್ಧತಿಯದ್ದು ಅನ್ನುವ ಗುರುತು) ಇಲ್ಲ ಅಂತ ಬಂತು. ಹಾಗಾಗಿ ಲೂಪ್ ಒಳಗೆ ಸೆಟ್_ಸಿಆರ್‌ಎಸ್ ಅಂತ ಹಾಕಿ ಇಪಿಎಸ್‌ಜಿ 32643 (ಮೀಟರ್‌ನಲ್ಲಿ ಅಳೆಯುವ ಒಂದು ಸಿಆರ್‌ಎಸ್‌ನ ನಂಬರ್) ಕೊಟ್ಟೆ. ಮೊದಲ ಫೋಲ್ಡರ್ ಗುತ್ತಿಗೆದಾರರದ್ದು, ಅದರಲ್ಲಿ ಪರೀಕ್ಷೆ ಮಾಡಿದೆ, ಚುಕ್ಕಿಗಳು ಊರಿನ ಮೇಲೆ ಸರಿಯಾಗಿ ಕೂತವು. ಖುಷಿಯಿಂದ ಉಳಿದ ಹತ್ತಕ್ಕೂ ಓಡಿಸಿ ಚಹಾ ಕುಡಿಯಲು ಹೋದೆ.

ಬಂದು ನಕ್ಷೆ ತೋರಿಸುವ ಕ್ಯೂಜಿಐಎಸ್‌ನಲ್ಲಿ ತೆರೆದರೆ ಗುತ್ತಿಗೆದಾರರ ಚುಕ್ಕಿಗಳು ಮಾತ್ರ ವಿಜಯಪುರದಲ್ಲಿ ಇವೆ. ಮೊಬೈಲ್‌ನಲ್ಲಿ ತೆಗೆದ ನಾನೂರು ಬಾವಿಗಳು ಒಂದೇ ಚುಕ್ಕಿಯಾಗಿ ಹಿಂದೂ ಮಹಾಸಾಗರದಲ್ಲಿ, ಮಾಲ್ಡೀವ್ಸ್‌ನ ಪಶ್ಚಿಮಕ್ಕೆ, ಭೂಮಧ್ಯರೇಖೆ ಮೇಲೆ ಕೂತಿವೆ. ಕೃಷಿ ಹೊಂಡಗಳು ಕಾಣಿಸುತ್ತಲೇ ಇಲ್ಲ. ನೀರಿಲ್ಲದ ಬಾವಿಗಳಿಗೆ ಕೊನೆಗೂ ನೀರು ಸಿಕ್ಕಿತು ಅಂತ ಗೆಳೆಯರು ನಗುತ್ತಿದ್ದಾರೆ.

ಸ್ಕ್ರಿಪ್ಟ್ ಎಲ್ಲೂ ಎರರ್ ಕೊಟ್ಟಿಲ್ಲ. ಅದೇ ಜಾಸ್ತಿ ಸಿಟ್ಟು. ಎಲ್ಲಿ ತಪ್ಪಿದೆ?

ಕುಂದಾನಗರಿ ನಕ್ಷೆಗಾರ, ಬೆಳಗಾವಿ

ಸ್ಕ್ರಿಪ್ಟ್ ಎರರ್ ಕೊಡುವುದಿಲ್ಲ ರೀ. ನೀವು ಹೇಳಿದ್ದನ್ನು ಅದು ನಂಬಿತು, ಅಷ್ಟೇ.

ಉತ್ತರ ಹೇಳುವ ಮೊದಲು ಎರಡು ವಿಷಯ ಬೇಕು. ಒಂದು, ನಿಮ್ಮ ಕಾಪಿ ಮಾಡುವ ಲೂಪ್ ಯಾವ ಯಾವ ಎಕ್ಸ್‌ಟೆನ್ಷನ್ ಎತ್ತಿಕೊಳ್ಳುತ್ತದೆ? ಎರಡು, ಪ್ರತಿ ಫೋಲ್ಡರ್‌ನ ಮೂಲ ಫೈಲ್ ತೆರೆದು, ಸೆಟ್_ಸಿಆರ್‌ಎಸ್ ಮಾಡುವ ಮೊದಲು, ಟೋಟಲ್_ಬೌಂಡ್ಸ್ (ಡೇಟಾದ ನಾಲ್ಕು ಅಂಚಿನ ಅಂಕಿ) ಪ್ರಿಂಟ್ ಮಾಡಿ ಇಲ್ಲಿ ಹಾಕಿ. ಆ ನಾಲ್ಕು ಅಂಕಿ ನೋಡಿದರೆ ಅರ್ಧ ಕತೆ ಗೊತ್ತಾಗುತ್ತದೆ. "ಒಟ್ಟು" ಫೋಲ್ಡರ್‌ನದ್ದಲ್ಲ, ಮೂಲದ್ದು.

ಬಾವಡಿ ಹುಡುಕುವವ, ವಿಜಯಪುರ

ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್ ಮೂರೇ ಇವೆ. ಹಳೇ ಸ್ಕ್ರಿಪ್ಟ್ ಒಂದರಿಂದ ಎತ್ತಿದ್ದು. ಈಗ ನೋಡಿದರೆ ಮೂಲ ಫೋಲ್ಡರ್‌ಗಳಲ್ಲಿ ಬಹಳಷ್ಟು ಕಡೆ ಪಿಆರ್‌ಜೆ ಫೈಲ್ ಇದೆ. ಅಯ್ಯೋ.

ಅಂಕಿಗಳು ಹೀಗಿವೆ (ಸುಮಾರಾಗಿ ಬರೆಯುತ್ತಿದ್ದೇನೆ):

ಮೊಬೈಲ್ ಜಿಪಿಎಸ್: 75.6 ರಿಂದ 75.9, 16.7 ರಿಂದ 17.0
ಗುತ್ತಿಗೆದಾರರದ್ದು: 5,71,000 ರಿಂದ 5,86,000, 18,52,000 ರಿಂದ 18,68,000
ಕೃಷಿ ಹೊಂಡ: 84 ಲಕ್ಷ ಚಿಲ್ಲರೆ, 19 ಲಕ್ಷ ಆಸುಪಾಸು
ಟೋಪೋಶೀಟ್‌ನದ್ದು: 75 ಚಿಲ್ಲರೆ, 16 ಚಿಲ್ಲರೆ, ಇದರಲ್ಲಿ ಮಾತ್ರ ಪಿಆರ್‌ಜೆ ಮೊದಲಿಂದಲೂ ಇಲ್ಲ
ನೋಟ್‌ಬುಕ್ ಪಟ್ಟಿ: 75.4 ಚಿಲ್ಲರೆ, 16.4 ರಿಂದ 16.5

ಕುಂದಾನಗರಿ ನಕ್ಷೆಗಾರ, ಬೆಳಗಾವಿ

ಸಿಕ್ಕಿತು. ಮೊದಲು ಪಿಆರ್‌ಜೆ ಮಾತು ಮುಗಿಸೋಣ. ಶೇಪ್‌ಫೈಲ್ ಅಂದರೆ ಒಂದು ಫೈಲ್ ಅಲ್ಲ, ಒಂದು ಸಂಸಾರ. ಅಂಕಿ ಎಸ್‌ಎಚ್‌ಪಿಯಲ್ಲಿ ಇರುತ್ತದೆ, ಆ ಅಂಕಿ ಯಾವ ಅಳತೆಯದ್ದು ಅನ್ನುವುದು ಪಿಆರ್‌ಜೆಯಲ್ಲಿ ಇರುತ್ತದೆ. ನೀವು ಮನೆ ಸಾಗಿಸಿದಿರಿ, ಕಾಗದಪತ್ರ ಹಳೇ ಮನೆಯಲ್ಲೇ ಬಿಟ್ಟು ಬಂದಿರಿ. ಜೊತೆಗೆ ಸಿಪಿಜಿ ಅಂತ ಇನ್ನೊಂದು ಇರುತ್ತದೆ, ಅದನ್ನೂ ಬಿಟ್ಟಿದ್ದೀರಿ. ಅದು ಅಕ್ಷರದ ಎನ್‌ಕೋಡಿಂಗ್ ಹೇಳುವ ಫೈಲ್. ಬಾವಡಿ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದರೆ ಅಟ್ರಿಬ್ಯೂಟ್ ಟೇಬಲ್ ತೆರೆದು ನೋಡಿ, ಹೆಸರಿನ ಜಾಗದಲ್ಲಿ ಏನೇನೋ ಚಿಹ್ನೆ ಕಾಣಬಹುದು.

ಈಗ ಮುಖ್ಯ ತಪ್ಪು. ಸೆಟ್_ಸಿಆರ್‌ಎಸ್ ಬರೀ ಚೀಟಿ ಅಂಟಿಸುತ್ತದೆ. ಒಳಗಿನ ಅಂಕಿ ಒಂದೂ ಬದಲಾಗುವುದಿಲ್ಲ. ಜೋಳದ ಚೀಲದ ಮೇಲೆ ಗೋಧಿ ಅಂತ ಬರೆದರೆ ಒಳಗೆ ಗೋಧಿ ಆಗುತ್ತದೆಯೇ? ನಿಜವಾಗಿ ಅಂಕಿ ಬದಲಿಸುವುದು ಟು_ಸಿಆರ್‌ಎಸ್. ಅದಕ್ಕೂ ಮೊದಲು ಚೀಟಿ ಸರಿ ಇರಬೇಕು. ಇಲ್ಲದಿದ್ದರೆ ತಪ್ಪು ಚೀಟಿ ನಂಬಿ ತಪ್ಪು ಲೆಕ್ಕ ಮಾಡುತ್ತದೆ.

ಗೋಳಗುಮ್ಮಟವನ್ನೇ ತೆಗೆದುಕೊಳ್ಳಿ, ನಿಮ್ಮ ಊರಿನದ್ದೇ. ಡಿಗ್ರಿಯಲ್ಲಿ, ಅಂದರೆ ಮೊಬೈಲ್ ಜಿಪಿಎಸ್ ಕೊಡುವ ಇಪಿಎಸ್‌ಜಿ 4326ರಲ್ಲಿ, ಅದು ಸುಮಾರು 75.736 ರೇಖಾಂಶ, 16.830 ಅಕ್ಷಾಂಶ. ಯುಟಿಎಂ ಅಂದರೆ ಭೂಮಿಯನ್ನು ಆರಾರು ಡಿಗ್ರಿಯ ವಲಯ ಮಾಡಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ. ಅದರ 43 ಉತ್ತರ ವಲಯದಲ್ಲಿ, ಅಂದರೆ ಇಪಿಎಸ್‌ಜಿ 32643ರಲ್ಲಿ, ಸುಮಾರು 5,78,400 ಮತ್ತು 18,60,900 ಮೀಟರ್. ವೆಬ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್‌ನಲ್ಲಿ, ಅಂದರೆ 3857ರಲ್ಲಿ, 84 ಲಕ್ಷ 30 ಸಾವಿರ ಮತ್ತು 19 ಲಕ್ಷದ ಹತ್ತಿರ. ಗುಮ್ಮಟ ಒಂದೇ, ಬರೆಯುವ ರೀತಿ ಮೂರು. ಈ ಮೂರು ಜೋಡಿ ಅಂಕಿ ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್‌ಗೆ ಅಂಟಿಸಿ. ಯಾವ ಫೈಲ್ ಬಂದರೂ ಬೌಂಡ್ಸ್ ನೋಡಿ ಇದು ಯಾವ ಜಾತಿಯದ್ದು ಅಂತ ಅರ್ಧ ನಿಮಿಷದಲ್ಲಿ ಹೇಳಬಹುದು.

ಮಾಲ್ಡೀವ್ಸ್ ಯಾಕೆ ಅಂತ ಈಗ ತಾನಾಗಿ ಬಿಡಿಸಿಕೊಳ್ಳುತ್ತದೆ. 43ನೇ ವಲಯ 72 ಡಿಗ್ರಿಯಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ. ನಡುವಿನ ಗೆರೆ 75 ಡಿಗ್ರಿ. ಆ ಗೆರೆಗೆ 5 ಲಕ್ಷ ಮೀಟರ್ ಅಂತ ಹೆಸರಿಟ್ಟಿದ್ದಾರೆ, ಪಶ್ಚಿಮಕ್ಕೆ ಹೋದರೂ ಮೈನಸ್ ಬರಬಾರದು ಅಂತ. ಉತ್ತರದ ಲೆಕ್ಕ ಭೂಮಧ್ಯರೇಖೆಯಿಂದ ಶುರು. ನಿಮ್ಮ ಮೊಬೈಲ್ ಚುಕ್ಕಿ 75.7, 16.8. ನೀವು ಅದಕ್ಕೆ ಮೀಟರ್ ಅಂತ ಚೀಟಿ ಅಂಟಿಸಿದಿರಿ. ಆಗ ಅದು ಭೂಮಧ್ಯರೇಖೆಯಿಂದ 16.8 ಮೀಟರ್ ಮೇಲೆ, 75 ಡಿಗ್ರಿ ಗೆರೆಯಿಂದ ಹತ್ತಿರ ಹತ್ತಿರ 500 ಕಿ.ಮೀ. ಪಶ್ಚಿಮಕ್ಕೆ ಹೋಗಿ ಕೂರುತ್ತದೆ. ಅದು ಸರಿಯಾಗಿ ಮಾಲ್ಡೀವ್ಸ್ ಆಚೆಯ ಸಮುದ್ರ. ನಾನೂರು ಬಾವಿಯೂ ಒಂದು ಕೋಣೆಯಲ್ಲಿ ಹಿಡಿಸುವಷ್ಟು ಜಾಗದಲ್ಲಿ ಇರುತ್ತವೆ, ಅದಕ್ಕೇ ಒಂದೇ ಚುಕ್ಕಿ. ನಮ್ಮ ಕಡೆ ಯಾರಾದರೂ "ಡೇಟಾ ಮಾಲ್ಡೀವ್ಸ್‌ಗೆ ಹೋಯಿತು" ಅಂದರೆ ಡಿಗ್ರಿಗೆ ಯುಟಿಎಂ ಚೀಟಿ ಬಿದ್ದಿದೆ ಅಂತಲೇ ತಿಳಿಯಿರಿ, ನಾನು ಇದನ್ನು ನಾಲ್ಕು ಸಲ ನೋಡಿದ್ದೇನೆ, ಅದರಲ್ಲಿ ಎರಡು ಸಲ ನಾನೇ ಮಾಡಿದ್ದು.

ಇದರ ತಮ್ಮ ಒಬ್ಬನಿದ್ದಾನೆ. 32643 ಬದಲು ಕೈತಪ್ಪಿ 32644 ಹಾಕಿದರೆ ಎಲ್ಲವೂ ಆರು ಡಿಗ್ರಿ ಪೂರ್ವಕ್ಕೆ ಜಿಗಿಯುತ್ತದೆ. ವಿಜಯಪುರ ಹೋಗಿ ಗೋದಾವರಿ ಸೀಮೆಯಲ್ಲಿ, ರಾಜಮಂಡ್ರಿ ಕಡೆ ಕೂರುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಮೂರೂ ಜಿಲ್ಲೆಗೆ 43 ಸಾಕು. ಕರ್ನಾಟಕದಲ್ಲಿ 78 ಡಿಗ್ರಿ ದಾಟುವುದು ಪೂರ್ವದ ತುದಿಯಲ್ಲಿ, ಕೋಲಾರ, ಮುಳಬಾಗಿಲು ಕಡೆ. ಇನ್ನೊಂದು ಗುರುತು: 75 ಡಿಗ್ರಿ ಗೆರೆ ಅಥಣಿಯಿಂದ ಸ್ವಲ್ಪ ಪಶ್ಚಿಮಕ್ಕೆ ಹಾಯುತ್ತದೆ. ಹಾಗಾಗಿ ಬೆಳಗಾವಿ ನಗರದ ಪೂರ್ವದ ಅಂಕಿ 5 ಲಕ್ಷಕ್ಕಿಂತ ಕಡಿಮೆ, 4,46,000 ಸುಮಾರು. ವಿಜಯಪುರ, ಬಾಗಲಕೋಟೆಯದ್ದು 5 ಲಕ್ಷಕ್ಕಿಂತ ಜಾಸ್ತಿ.

ಕೃಷಿ ಹೊಂಡದ್ದು ವೆಬ್ ಮರ್ಕೇಟರ್. ಸ್ಯಾಟಲೈಟ್ ಚಿತ್ರದ ಮೇಲೆ ಗೆರೆ ಎಳೆದಿರಿ ಅಲ್ವಾ, ಪ್ರಾಜೆಕ್ಟ್‌ನ ಸಿಆರ್‌ಎಸ್ ಅದೇ ಇತ್ತು, ಸೇವ್ ಮಾಡುವಾಗ ಅದೇ ಹೋಯಿತು. ಇದರಲ್ಲಿ ಒಂದು ಎಚ್ಚರ. 3857ರಲ್ಲೇ ಏರಿಯಾ ಲೆಕ್ಕ ಹಾಕಬೇಡಿ. ನಿಮ್ಮ ಅಕ್ಷಾಂಶದಲ್ಲಿ ಅದು ನೂರಕ್ಕೆ ಹತ್ತಿರ ಹತ್ತಿರ 10ರಷ್ಟು ಜಾಸ್ತಿ ತೋರಿಸುತ್ತದೆ. 20 ಮೀಟರ್‌ಗೆ 20 ಮೀಟರ್ ಹೊಂಡ 400 ಚದರ ಮೀಟರ್ ಇರಬೇಕಾದದ್ದು 439ರ ಹತ್ತಿರ ಬರುತ್ತದೆ. ಹೊಂಡದಲ್ಲಿ ನಡೆಯುತ್ತದೆ ಅನ್ನಿ. ಎಕರೆ ಗುಂಟೆ ಲೆಕ್ಕದಲ್ಲಿ ಹೊಲ ಅಳೆದು ರೈತನಿಗೆ ಹೇಳಿದರೆ ಉತಾರ ಹಿಡಿದುಕೊಂಡು ಜಗಳಕ್ಕೆ ಬರುತ್ತಾರೆ, ಯಾಕೆಂದರೆ 10 ಎಕರೆ ಹೊಲ ಸುಮಾರು 10 ಎಕರೆ 39 ಗುಂಟೆ ಆಗಿರುತ್ತದೆ.

ಹಾಗಾದರೆ ಮಾಡಬೇಕಾದ್ದು ಇಷ್ಟು. "ಒಟ್ಟು" ಫೋಲ್ಡರ್ ಅಳಿಸಿ. ಫೈಲ್ ಮಟ್ಟದಲ್ಲಿ ಕಾಪಿ ಮಾಡುವ ಆಟ ಬಿಡಿ, ಮೂಲದಿಂದಲೇ ಓದಿ. ಪಿಆರ್‌ಜೆ ಇರುವುದಕ್ಕೆ ಸೆಟ್_ಸಿಆರ್‌ಎಸ್ ಮುಟ್ಟಲೇಬೇಡಿ, ನೇರ ಟು_ಸಿಆರ್‌ಎಸ್ 32643. ಇಲ್ಲದಿದ್ದಕ್ಕೆ ಮಾತ್ರ, ಅಂಕಿ ನೋಡಿ, ಮೂಲ ಏನು ಅಂತ ಸೆಟ್ ಮಾಡಿ, ಆಮೇಲೆ ಟು. ಸಿಆರ್‌ಎಸ್ ಇಲ್ಲದ ಫೈಲ್ ಸಿಕ್ಕರೆ ಸ್ಕ್ರಿಪ್ಟ್ ಅಲ್ಲೇ ನಿಂತು ಬೈಯಬೇಕು, ತಾನೇ ಊಹೆ ಮಾಡಬಾರದು.

ಬೇಗ ಮುಗಿಸು

ಇಷ್ಟೆಲ್ಲ ಯಾಕೆ? ಸೆಟ್_ಸಿಆರ್‌ಎಸ್‌ಗೆ 4326 ಕೊಟ್ಟು ಅಲೋ_ಓವರ್‌ರೈಡ್ ಟ್ರೂ ಹಾಕಿ. ಎಲ್ಲ ಒಂದೇ ಸಿಆರ್‌ಎಸ್ ಆಗುತ್ತದೆ. ನಾನು ಹಾಗೇ ಮಾಡುತ್ತೇನೆ.

ಜಮಖಂಡಿ ಮೋಜಣಿ

ಅಣ್ಣಾ, ಅದನ್ನೇ ತಾನೇ ಅವರು ಮಾಡಿ ಸಮುದ್ರಕ್ಕೆ ಬಿದ್ದದ್ದು. ನಂಬರ್ ಬೇರೆ, ತಪ್ಪು ಒಂದೇ. ಈಗಾಗಲೇ ಸಿಆರ್‌ಎಸ್ ಇರುವ ಲೇಯರ್‌ಗೆ ಬೇರೆ ಚೀಟಿ ಅಂಟಿಸಲು ಹೋದರೆ ಜಿಯೊಪಾಂಡಾಸ್ ಬೇಡ ಅಂತ ಎರರ್ ಕೊಡುತ್ತದೆ. ಆ ಓವರ್‌ರೈಡ್ ಅಂದರೆ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗೆ. ಮೊದಲಿನ ಚೀಟಿ ಸುಳ್ಳು ಅಂತ ಖಾತ್ರಿ ಇದ್ದಾಗ ಮಾತ್ರ ಅದನ್ನು ಬಳಸಬೇಕು.

ನಾನು ಮೋಜಣಿ ಕೆಲಸದವಳು, ಆಫೀಸಿನಲ್ಲಿ ಆರ್ಕ್‌ಪೈ (ಆರ್ಕ್‌ಜಿಐಎಸ್‌ನ ಪೈಥಾನ್ ಲೈಬ್ರರಿ) ಬಳಸುತ್ತೇವೆ. ಅಲ್ಲೂ ಇದೇ ಜೋಡಿ ಗೊಂದಲ, ಹೆಸರು ಬೇರೆ. ಡಿಫೈನ್ ಪ್ರೊಜೆಕ್ಷನ್ ಅಂದರೆ ಚೀಟಿ. ಪ್ರಾಜೆಕ್ಟ್ ಅಂದರೆ ನಿಜವಾದ ಬದಲಾವಣೆ. ಪೋಸ್ಟ್‌ಜಿಐಎಸ್ ಡೇಟಾಬೇಸ್‌ನಲ್ಲಿ ಎಸ್‌ಟಿ_ಸೆಟ್‌ಎಸ್‌ಆರ್‌ಐಡಿ ಚೀಟಿ, ಎಸ್‌ಟಿ_ಟ್ರಾನ್ಸ್‌ಫಾರ್ಮ್ ಬದಲಾವಣೆ. ಫೈಲ್ ರೂಪ ಬದಲಿಸುವ ಓಜಿಆರ್2ಓಜಿಆರ್‌ನಲ್ಲಿ ಎ_ಎಸ್‌ಆರ್‌ಎಸ್ ಚೀಟಿ, ಟಿ_ಎಸ್‌ಆರ್‌ಎಸ್ ಬದಲಾವಣೆ. ಹೊಸಬರು ಬಂದರೆ ನಾನು ಮೊದಲ ದಿನ ಇದೊಂದನ್ನೇ ಹೇಳಿಕೊಡುತ್ತೇನೆ, ಆದರೂ ಎರಡನೇ ದಿನ ಯಾರಾದರೂ ಡಿಫೈನ್ ಒತ್ತಿರುತ್ತಾರೆ. ಹೆಸರು ಕೇಳಿದರೆ ಅದೇ ಸರಿ ಅನಿಸುತ್ತದೆ ಪಾಪ.

ಆರ್ಕ್‌ಪೈಯಲ್ಲಿ ಕಾಪಿ ಮಾಡುವಾಗ ನನ್ನನ್ನು ಬಹಳ ಕಾಡಿದ್ದು ಎನ್ವಿರಾನ್‌ಮೆಂಟ್ ಸೆಟ್ಟಿಂಗ್. ಔಟ್‌ಪುಟ್ ಕೋಆರ್ಡಿನೇಟ್ ಸಿಸ್ಟಮ್ ಅಂತ ಒಂದನ್ನು ಸ್ಕ್ರಿಪ್ಟ್‌ನ ತಲೆಯಲ್ಲಿ ಇಟ್ಟಿದ್ದೆ, ಮರೆತೆ. ಇನ್ನೂರು ಸಾಲು ಕೆಳಗೆ ಕಾಪಿ ಫೀಚರ್ಸ್ ಓಡಿತು. ಬರೀ ಕಾಪಿ ಅಂದುಕೊಂಡಿದ್ದೆ, ಅದು ಆ ಸೆಟ್ಟಿಂಗ್ ನೋಡಿ ಎಲ್ಲವನ್ನೂ ಬದಲಾಯಿಸಿಯೇ ಬರೆಯಿತು. ಹಾಗೇ ಫೀಚರ್ ಡೇಟಾಸೆಟ್ (ಲೇಯರ್‌ಗಳನ್ನು ಒಟ್ಟಿಗೆ ಇಡುವ ಗುಂಪು) ಒಳಗೆ ಏನೇ ಹಾಕಿದರೂ ಅದು ಆ ಡೇಟಾಸೆಟ್‌ನ ಸಿಆರ್‌ಎಸ್‌ಗೇ ಬರುತ್ತದೆ. ಕರ್ಸರ್ (ಒಂದೊಂದೇ ಸಾಲು ಓದುವ, ಬರೆಯುವ ಸಾಧನ) ಬಳಸಿ ಕಾಪಿ ಮಾಡುವವರಿಗೆ ಇನ್ನೊಂದು: ಎಕ್ಸ್‌ವೈ ಟೋಕನ್‌ನಿಂದ ಅಂಕಿ ತೆಗೆದು ಬೇರೆ ಲೇಯರ್‌ಗೆ ಸುರಿದರೆ ಬರೀ ಅಂಕಿ ಹೋಗುತ್ತದೆ, ಅಳತೆ ಹೋಗುವುದಿಲ್ಲ. ಸರ್ಚ್ ಕರ್ಸರ್‌ಗೆ ಸ್ಪೇಷಿಯಲ್ ರೆಫರೆನ್ಸ್ (ಸಿಆರ್‌ಎಸ್‌ಗೆ ಅಲ್ಲಿನ ಹೆಸರು) ಕೊಟ್ಟರೆ ಓದುವಾಗಲೇ ಬದಲಿಸಿ ಕೊಡುತ್ತದೆ, ಅದು ಒಳ್ಳೆಯದು. ಮತ್ತೆ ಹೊಸ ಪಾಲಿಗಾನ್ ಕಟ್ಟುವಾಗ ಸ್ಪೇಷಿಯಲ್ ರೆಫರೆನ್ಸ್ ಕೊಡದಿದ್ದರೆ ಡಿಗ್ರಿ ಅಂಕಿಗಳ ಬಾಲ ಕತ್ತರಿಸಿ ಹೋಗಿ ಮೂಲೆಗಳು ಜರುಗುತ್ತವೆ. ಸಣ್ಣ ಹೊಂಡ ಚಪ್ಪಟೆ ಆಗಿ ಕಂಡಾಗ ನನಗೆ ಗೊತ್ತಾಯಿತು.

ಕ್ಯೂಜಿಐಎಸ್‌ನಲ್ಲಿ ಸರಿ ಕಂಡಿತು ಅಂತ ಮೋಸ ಹೋಗಬೇಡಿ. ಅದು ತೋರಿಸುವಾಗ ಎಲ್ಲವನ್ನೂ ಒಂದೇ ಸಿಆರ್‌ಎಸ್‌ಗೆ ತಂದು ತೋರಿಸುತ್ತದೆ. ಫೈಲ್ ಒಳಗೆ ಏನಿದೆ ಅನ್ನುವುದು ಬೇರೆ ಮಾತು.

ಬಾವಡಿ ಹುಡುಕುವವ, ವಿಜಯಪುರ

ಬಹಳ ಉಪಕಾರ ಆಯಿತು. ನಿನ್ನೆ ರಾತ್ರಿ ಕೂತು ಮಾಡಿದೆ. ಮೊಬೈಲ್ ಚುಕ್ಕಿಗಳು, ಕೃಷಿ ಹೊಂಡ, ಎರಡೂ ಊರಿಗೆ ವಾಪಸ್ ಬಂದವು. ಕನ್ನಡ ಹೆಸರು ನಿಜವಾಗಿಯೂ ಕೆಟ್ಟಿದ್ದವು, ಸಿಪಿಜಿ ಜೊತೆ ಓದಿದ ಮೇಲೆ ಸರಿಯಾದವು.

ಆದರೆ ಮೂರು ಹೊಸ ತಲೆನೋವು.

ಒಂದು. ವೆಬ್‌ಸೈಟ್‌ಗೆ ಡಿಗ್ರಿಯಲ್ಲಿ ಬೇಕು ಅಂತ ಗುತ್ತಿಗೆದಾರರ ಚುಕ್ಕಿಗಳನ್ನು ಪೈಪ್ರೋಜ್ ಲೈಬ್ರರಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ 32643ರಿಂದ 4326ಕ್ಕೆ ತಂದು ಜಿಯೊಜೇಸನ್ (ವೆಬ್ ನಕ್ಷೆಗೆ ಬಳಸುವ ಫೈಲ್) ಬರೆದೆ. ಈಗ ಅವು ನಾರ್ವೆಯ ಉತ್ತರದ ಸಮುದ್ರಕ್ಕೆ, ಹಿಮದ ಕಡೆ ಹೋಗಿವೆ. ಸಮುದ್ರ ಬಿಟ್ಟು ಹೋಗುತ್ತಲೇ ಇಲ್ಲ ಇವು.

ಎರಡು. ಟೋಪೋಶೀಟ್ ಚುಕ್ಕಿಗಳಿಗೆ 4326 ಅಂತ ಚೀಟಿ ಹಾಕಿದೆ, ಊರಿಗೆ ಬಂದವು, ಆದರೆ ಎಲ್ಲವೂ ಆಗ್ನೇಯಕ್ಕೆ ನೂರೈವತ್ತು ಮೀಟರ್‌ನಷ್ಟು ಸರಿದಿವೆ. ಗೋಳಗುಮ್ಮಟದ ಚುಕ್ಕಿ ಗುಮ್ಮಟದ ಹೊರಗೆ ಬಿದ್ದಿದೆ.

ಮೂರು. ನೋಟ್‌ಬುಕ್ ಪಟ್ಟಿಯ ನಲವತ್ತು ಬಾವಿ ಜಮಖಂಡಿ ಕಡೆ ಹೋಗಿ ಕೂತಿವೆ. ಹುಡುಗರು ವಿಜಯಪುರ ಕೋಟೆ ಗೋಡೆ ದಾಟಿ ಹೋಗಿಲ್ಲ ಅಂತ ಆಣೆ ಮಾಡುತ್ತಾರೆ.

ಕುಂದಾನಗರಿ ನಕ್ಷೆಗಾರ, ಬೆಳಗಾವಿ

ಮೊದಲನೆಯದು ನನ್ನ ಪಾಲು. ಅಕ್ಷಾಂಶ ರೇಖಾಂಶ ಅದಲುಬದಲಾಗಿದೆ. ರೇಖಾಂಶ 16.8, ಅಕ್ಷಾಂಶ 75.7 ಅಂದರೆ ಸ್ವಾಲ್‌ಬಾರ್ಡ್ ದ್ವೀಪಗಳ ದಕ್ಷಿಣದ ಸಮುದ್ರ. ಜೂನ್ ಬಿಸಿಲಲ್ಲಿ ಹೋಗಲು ಒಳ್ಳೆಯ ಜಾಗ.

ಇದು ನಿಮ್ಮ ತಪ್ಪು ಪೂರ್ತಿ ಅಲ್ಲ. ಇಪಿಎಸ್‌ಜಿ ಪುಸ್ತಕದ ಪ್ರಕಾರ 4326ರಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಮೊದಲೆಲ್ಲ ಸಾಫ್ಟ್‌ವೇರ್‌ಗಳು ಅದನ್ನು ಲೆಕ್ಕಕ್ಕೆ ಇಡದೆ ಎಕ್ಸ್ ಮೊದಲು, ವೈ ಆಮೇಲೆ ಅಂತಲೇ ನಡೆಸುತ್ತಿದ್ದವು. ಈ ಲೆಕ್ಕಗಳ ಹಿಂದಿರುವ ಲೈಬ್ರರಿಗಳಾದ ಪ್ರೋಜ್ 6, ಜಿಡಾಲ್ 3 ಬಂದ ಮೇಲೆ, 2019ರಲ್ಲಿ ಇರಬೇಕು ಜಿಡಾಲ್ 3, ಪುಸ್ತಕದ ಕ್ರಮವನ್ನೇ ಪಾಲಿಸಲು ಶುರು ಮಾಡಿದವು. ಹಳೇ ಸ್ಕ್ರಿಪ್ಟ್ ಇದ್ದವರೆಲ್ಲ ಆಗ ಒಮ್ಮೆ ಅತ್ತಿದ್ದಾರೆ. ಟ್ರಾನ್ಸ್‌ಫಾರ್ಮರ್ ಕಟ್ಟುವಾಗ ಆಲ್ವೇಸ್_ಎಕ್ಸ್‌ವೈ ಟ್ರೂ ಕೊಡಿ, ಯಾವಾಗಲೂ ಪೂರ್ವ ಮೊದಲು ಬರುತ್ತದೆ. ಜಿಡಾಲ್‌ನ ಓಎಸ್‌ಆರ್ ನೇರವಾಗಿ ಬಳಸುವವರು ಆಕ್ಸಿಸ್ ಮ್ಯಾಪಿಂಗ್‌ಗೆ ಟ್ರೆಡಿಷನಲ್ ಜಿಐಎಸ್ ಆರ್ಡರ್ ಇಡಬೇಕು. ಜಿಯೊಪಾಂಡಾಸ್‌ನ ಟು_ಸಿಆರ್‌ಎಸ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಅದು ಇರುವಾಗ ಕೈಯಾರೆ ಟ್ರಾನ್ಸ್‌ಫಾರ್ಮರ್ ಕಟ್ಟಿದ್ದು ಯಾಕೆ ಅಂತ ನನಗೆ ಗೊತ್ತಾಗಲಿಲ್ಲ, ಇರಲಿ.

ಜಿಯೊಜೇಸನ್ ಮಾಡುವುದಾದರೆ ಅದು ಡಬ್ಲ್ಯುಜಿಎಸ್ 84 (ಜಿಪಿಎಸ್ ಬಳಸುವ ಲೆಕ್ಕ) ಡಿಗ್ರಿಯಲ್ಲೇ ಇರಬೇಕು, ರೇಖಾಂಶ ಮೊದಲು. ಜಿಯೊಜೇಸನ್‌ನ ನಿಯಮ ಬರೆದಿರುವ 2016ರ ಆರ್‌ಎಫ್‌ಸಿ 7946 ಹಾಗೇ ಹೇಳುತ್ತದೆ. ಯುಟಿಎಂ ಅಂಕಿ ಅದರಲ್ಲಿ ತುಂಬಿದರೆ ಬರೆಯುವವರೆಗೆ ಯಾರೂ ಏನೂ ಅನ್ನುವುದಿಲ್ಲ, ತೆರೆಯುವವನು ಅಳುತ್ತಾನೆ.

ಮುಳುಗಡೆ ಊರಿನವ, ಬಾಗಲಕೋಟೆ

ಟೋಪೋಶೀಟ್ ಮಾತು ಬಂತು, ಸುಮ್ಮನಿರಲು ಆಗಲಿಲ್ಲ.

ತಮ್ಮಾ, ಹಳೇ ಶೀಟ್ ಮೇಲಿನ ಡಿಗ್ರಿ, ಮೊಬೈಲ್‌ನ ಡಿಗ್ರಿ, ಎರಡೂ ಬೇರೆ. ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್‌ಗಳು ಎವರೆಸ್ಟ್ ಗೋಳ (ಭೂಮಿಯ ಆಕಾರಕ್ಕೆ ಇಟ್ಟುಕೊಂಡ ಹಳೇ ಮಾದರಿ) ಅನ್ನುವ ಲೆಕ್ಕದಲ್ಲಿ ಮಾಡಿದವು, ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲ ಬಿಂದು ಮಾಡಿಕೊಂಡು. ಜಿಪಿಎಸ್ ಬೇರೆ ಗೋಳ, ಡಬ್ಲ್ಯುಜಿಎಸ್ 84. 2005ರ ನ್ಯಾಷನಲ್ ಮ್ಯಾಪ್ ಪಾಲಿಸಿ ಆದ ಮೇಲೆ ಸಾರ್ವಜನಿಕರಿಗೆ ಕೊಡುವ ಓಪನ್ ಸೀರೀಸ್ ಶೀಟ್‌ಗಳನ್ನು ಡಬ್ಲ್ಯುಜಿಎಸ್ 84, ಯುಟಿಎಂಗೆ ತಂದರು, ಶೀಟ್ ನಂಬರ್ ಕೂಡ ಬದಲಾಯಿತು. ನಿಮ್ಮ ಗೆಳೆಯ ಬಳಸಿದ್ದು 47 ಪಿ ಅಂತ ನಂಬರ್ ಇರುವ ಹಳೇ ಶೀಟ್ ಆಗಿರಬೇಕು, ವಿಜಯಪುರ ಬಾಗಲಕೋಟೆ ಎರಡೂ ಅದರಲ್ಲೇ ಬರುತ್ತವೆ. ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿದಿವೆ ಅಂದಿರಿ ನೋಡಿ, ಅದೇ ಗುರುತು. ಗೆಳೆಯನ ಕೈ ನಡುಗಿದ್ದರೆ ಒಂದೊಂದು ಒಂದೊಂದು ಕಡೆ ಹೋಗಿರುತ್ತಿತ್ತು.

ಚೀಟಿ 4326 ಅಲ್ಲ, 4146 ಹಾಕಿ, ಕಲ್ಯಾಣಪುರ 1975. ಆಮೇಲೆ ಟು_ಸಿಆರ್‌ಎಸ್. ಪಟ್ಟಿಯಲ್ಲಿ ಹುಡುಕುವಾಗ "ಇಂಡಿಯನ್ 1975" ಅಂತ ಒಂದು ಕಾಣುತ್ತದೆ, 4240. ಹೆಸರು ನೋಡಿ ನಮ್ಮದೇ ಅಂತ ಒತ್ತಬೇಡಿ, ಅದು ಥಾಯ್ಲೆಂಡ್‌ದು. ನಾನು ಒತ್ತಿದ್ದೆ.

ಇನ್ನೊಂದು. ಎರಡು ಗೋಳದ ನಡುವೆ ಯಾವ ಲೆಕ್ಕ ಬಳಸಬೇಕು ಅಂತ ಪ್ರೋಜ್‌ಗೆ ಗೊತ್ತಾಗದಿದ್ದರೆ ಬಾಲ್‌ಪಾರ್ಕ್ ಅಂತ ಒಂದು ಮಾಡುತ್ತದೆ, ಅಂದರೆ ಏನೂ ಸರಿಸದೆ ಹಾಗೇ ದಾಟಿಸುತ್ತದೆ. ಟು_ಸಿಆರ್‌ಎಸ್ ಮಾಡಿದ ಮೇಲೂ ಚುಕ್ಕಿ ಅಲ್ಲೇ ಇದ್ದರೆ ಇದನ್ನು ಅನುಮಾನಿಸಿ. ಎಲ್ಲ ಸರಿ ಮಾಡಿದರೂ ಹತ್ತಿಪ್ಪತ್ತು ಮೀಟರ್ ವ್ಯತ್ಯಾಸ ಉಳಿಯುತ್ತದೆ. ಹಳೇ ಕಾಗದದಿಂದ ಅದಕ್ಕಿಂತ ಜಾಸ್ತಿ ಕೇಳಬಾರದು.

ಈಗ ನನ್ನ ಸಂಕಟದ ಮಾತು. ಎಲ್ಲ ತಪ್ಪೂ ಸಿಆರ್‌ಎಸ್‌ದಲ್ಲ. ನಾನು ಒಂದು ಸಲ ಹಳೇ ಶೀಟಿನ ಹಳ್ಳಿಗಳನ್ನು ಹೊಸ ನಕ್ಷೆ ಮೇಲೆ ಹಾಕಿದೆ. ಒಂದಷ್ಟು ಹಳ್ಳಿ ಕೃಷ್ಣೆ, ಘಟಪ್ರಭೆ ನೀರಿನೊಳಗೆ ಬಿದ್ದವು. ಮೂರು ದಿನ ಪ್ಯಾರಾಮೀಟರ್ ಬದಲಿಸಿ ಬದಲಿಸಿ ನೋಡಿದೆ. ನಾಲ್ಕನೇ ದಿನ ನಮ್ಮ ತಂದೆ ಹಿಂದಿನಿಂದ ಬಂದು ಸ್ಕ್ರೀನ್ ನೋಡಿ, ಸರಿಯಾಗೇ ಇದೆಯಲ್ಲ, ನಮ್ಮ ಮನೆ ಅಲ್ಲೇ ಇತ್ತು ಅಂದರು. ಆಲಮಟ್ಟಿ ಹಿನ್ನೀರು ಬಂದು ಊರು ಎದ್ದು ಬೇರೆ ಕಡೆ ಹೋಗಿದೆ. ಚುಕ್ಕಿ ಸರಿ ಇತ್ತು, ಊರೇ ಇರಲಿಲ್ಲ. ಮಗನಿಗೆ ಅದು ಹೊಳೆದಿರಲಿಲ್ಲ.

ಅದಕ್ಕೇ ಹೇಳುವುದು, ತಾಳೆ ನೋಡಲು ಹಳ್ಳಿ ಹಿಡಿಯಬೇಡಿ. ಜರುಗದ ವಸ್ತು ಹಿಡಿಯಿರಿ. ನಿಮಗೆ ಗೋಳಗುಮ್ಮಟ, ನಮಗೆ ಐಹೊಳೆಯ ದುರ್ಗ ಗುಡಿ, ಬಾದಾಮಿಯ ಭೂತನಾಥ ಗುಡಿ, ಬೆಳಗಾವಿಯವರಿಗೆ ಕೋಟೆ ಕಂದಕ. ಒಂದೇ ಸಾಲದು, ದೂರ ದೂರದ ಮೂರಾದರೂ ಇರಲಿ. ಮತ್ತೆ ಹಳೇ "ಬಿಜಾಪುರ ಜಿಲ್ಲೆ" ಲೇಯರ್ ಸಿಕ್ಕರೆ ಅದು ಬಾದಾಮಿವರೆಗೂ ಹೋಗಿರುತ್ತದೆ, 1997ಕ್ಕೆ ಮೊದಲು ಬಾಗಲಕೋಟೆ ಅದರಲ್ಲೇ ಇತ್ತು. ಬೌಂಡ್ಸ್ ದೊಡ್ಡದಿದೆ ಅಂತ ಸಿಆರ್‌ಎಸ್ ಮೇಲೆ ಗೂಬೆ ಕೂರಿಸಬೇಡಿ.

ಜಮಖಂಡಿ ಮೋಜಣಿ

ಮೂರನೆಯದು ನಮ್ಮ ಊರಿಗೆ ಬಂದ ನಲವತ್ತು ಬಾವಿ, ನಾನೇ ಉತ್ತರ ಕೊಡಬೇಕು.

ಆ ಪಟ್ಟಿಯ ಅಂಕಿಗಳಲ್ಲಿ ಬಿಂದುವಿನ ನಂತರದ ಮೊದಲ ಎರಡು ಅಂಕಿ 59 ದಾಟಿದ್ದು ಒಂದಾದರೂ ಇದೆಯಾ ನೋಡಿ. ಅದರ ಮುಂದಿನ ಎರಡು ಅಂಕಿ? ಅವೂ 59 ದಾಟಿಲ್ಲ ಅಂದರೆ ಅವು ಡಿಗ್ರಿ ಅಲ್ಲ, ಡಿಗ್ರಿ ನಿಮಿಷ ಸೆಕೆಂಡ್. ಗೋಳಗುಮ್ಮಟ 16 ಡಿಗ್ರಿ 49 ನಿಮಿಷ 48 ಸೆಕೆಂಡ್. ಹುಡುಗರು ನೋಟ್‌ಬುಕ್‌ನಲ್ಲಿ 16.49.48 ಅಂತ ಬರೆದಿರುತ್ತಾರೆ. ಎಕ್ಸೆಲ್‌ಗೆ ಹಾಕುವಾಗ ಎರಡನೇ ಚುಕ್ಕೆ ಬಿದ್ದು ಹೋಗಿ 16.4948 ಆಯಿತು. ಆಗಬೇಕಾದದ್ದು 16.83. ದಕ್ಷಿಣಕ್ಕೆ 37 ಕಿ.ಮೀ. ಹೋಯಿತು. 75.44.10 ಅನ್ನುವುದು 75.4410 ಆಗಿ ಪಶ್ಚಿಮಕ್ಕೆ 31 ಕಿ.ಮೀ. ಹೋಯಿತು. ಸರಿಯಾಗಿ ನಮ್ಮ ಕಡೆ.

ಇದನ್ನು ಯಾವ ಸಿಆರ್‌ಎಸ್ ಬದಲಿಸಿದರೂ ಸರಿ ಮಾಡಲು ಆಗುವುದಿಲ್ಲ. ನಿಮಿಷ ಭಾಗಿಸು 60, ಸೆಕೆಂಡ್ ಭಾಗಿಸು 3600, ಕೂಡಿಸಿ. ಸಾಧ್ಯವಾದರೆ ಎಕ್ಸೆಲ್ ಬಿಟ್ಟು ನೋಟ್‌ಬುಕ್ ನೋಡಿಯೇ ಮಾಡಿ. ಸೊನ್ನೆ ಮುಂದೆ ಇರುವ ಸೆಕೆಂಡ್‌ಗಳನ್ನು, 05 ಅಂಥವನ್ನು, 5 ಅಂತ ಬರೆದಿದ್ದರೆ 16.49.5 ಅನ್ನುವುದು 16.495 ಆಗಿ, ಐದು ಸೆಕೆಂಡೋ ಐವತ್ತೋ ಗೊತ್ತಾಗುವುದಿಲ್ಲ.

ಹುಡುಗರಿಗೆ ಬೈಯಬೇಡಿ. ಅವರು ಬರೆದದ್ದು ಸರಿ ಇತ್ತು.

ಬಾವಡಿ ಹುಡುಕುವವ, ವಿಜಯಪುರ

ಬೈದು ಆಗಿತ್ತು, ಇವತ್ತು ಇಬ್ಬರಿಗೂ ಮಿರ್ಚಿ ಭಜಿ ಕೊಡಿಸಿ ಸಮಾಧಾನ ಮಾಡಿದೆ.

ಈಗಿನ ಸ್ಥಿತಿ ಹೇಳುತ್ತೇನೆ. ಸ್ಕ್ರಿಪ್ಟ್ ಪೂರ್ತಿ ಹೊಸದಾಗಿ ಬರೆದೆ. ಫೈಲ್ ಕಾಪಿ ತೆಗೆದು ಹಾಕಿದೆ. ಹನ್ನೊಂದು ಫೋಲ್ಡರ್‌ಗೂ ಒಂದು ಪಟ್ಟಿ ಮಾಡಿ, ಯಾವುದರ ಮೂಲ ಸಿಆರ್‌ಎಸ್ ಏನು, ಹೇಗೆ ಗೊತ್ತಾಯಿತು ಅಂತ ಕೈಯಲ್ಲೇ ಬರೆದಿಟ್ಟೆ. ಪಟ್ಟಿಯಲ್ಲಿ ಇಲ್ಲದ ಫೋಲ್ಡರ್ ಬಂದರೆ ಸ್ಕ್ರಿಪ್ಟ್ ನಿಲ್ಲುತ್ತದೆ. 32643ಕ್ಕೆ ತಂದ ಮೇಲೆ ಬೌಂಡ್ಸ್ ಜಿಲ್ಲೆಯೊಳಗೆ ಇದೆಯಾ ಅಂತ ನೋಡುತ್ತದೆ, ಇಲ್ಲದಿದ್ದರೆ ಜೋಡಿಸುವುದಿಲ್ಲ. ಕೊನೆಗೆ ಗೋಳಗುಮ್ಮಟ, ತಾಜ್ ಬಾವಡಿ, ಊರ ಹೊರಗಿನ ಇಬ್ರಾಹಿಂ ರೋಜಾ, ಈ ಮೂರರ ಚುಕ್ಕಿ ಎಷ್ಟು ದೂರ ತಪ್ಪಿದೆ ಅಂತ ಮೀಟರ್‌ನಲ್ಲಿ ಪ್ರಿಂಟ್ ಮಾಡುತ್ತದೆ. ಮೊಬೈಲ್‌ದು ನಾಲ್ಕೈದು ಮೀಟರ್. ಟೋಪೋಶೀಟ್ 4146 ಹಾಕಿದ ಮೇಲೆ ನೂರೈವತ್ತರಿಂದ ಹದಿನೆಂಟಕ್ಕೆ ಇಳಿದಿದೆ. ಬಾಗಲಕೋಟೆ ಅಣ್ಣನವರು ಹೇಳಿದ ಹಾಗೇ.

ನೋಟ್‌ಬುಕ್‌ನ ನಲವತ್ತರಲ್ಲಿ ಮೂವತ್ತೇಳು ಸರಿಯಾದವು. ಉಳಿದ ಮೂರರಲ್ಲಿ ಅಕ್ಕ ಹೇಳಿದ ಆ ಐದೋ ಐವತ್ತೋ ಪ್ರಶ್ನೆಯೇ ಇದೆ, ನೋಟ್‌ಬುಕ್ ಮೇಲೆ ಆ ಜಾಗದಲ್ಲೇ ಚಹಾ ಚೆಲ್ಲಿದೆ. ಭಾನುವಾರ ಬೆಳಿಗ್ಗೆ ಹುಡುಗರನ್ನು ಕರೆದುಕೊಂಡು ಮತ್ತೆ ಹೋಗುತ್ತೇವೆ, ಬಾವಿ ಅಲ್ಲೇ ಇರುತ್ತದೆ ತಾನೇ.